ಯಾರ ಮನೆಯ ಅಡಿಕೆ ಲೆಕ್ಕ?

ಸಾಗರ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಮಲೆನಾಡಿನ ಮಕ್ಕಳಿಗೆ ಅಡಿಕೆ ಲೆಕ್ಕ ಕೊಟ್ಟರೆ ಗಣಿತ ಸಲೀಸು ಎನ್ನುವವರಿದ್ದಾರೆ. ಅದು ಅರ್ಧ ನಿಜ. ತೋಟದವರ ಮಗನೂ ಸುಲಿಯಲು ಹೋಗುವವರ ಮಗಳೂ ಕೂರುವುದು ಒಂದೇ ಕೊಠಡಿಯಲ್ಲಿ, ಆದರೆ ಅವರ ಮನೆಗಳಲ್ಲಿ ನಡೆಯುವ ಲೆಕ್ಕ ಬೇರೆ ಬೇರೆ.

ಕ್ವಿಂಟಲ್ ಧಾರಣೆ, ಖರ್ಚು, ಲಾಭ ಎಂದರೆ ಕೈ ಎತ್ತುವುದು ತೋಟದ ಮನೆಯ ಮಕ್ಕಳೇ. ಹಾಗಾಗಿ ಪ್ರಮಾಣದ ಪಾಠವನ್ನು ಸುಲಿಯುವ ಕೂಲಿಯಿಂದ ಶುರು ಮಾಡಿದೆ. ಕೆಜಿಗೆ 14 ರೂಪಾಯಿಯಂತೆ ಹದಿನೇಳೂವರೆ ಕೆಜಿಗೆ ಎಷ್ಟು? ಯಾವತ್ತೂ ಬಾಯಿ ಬಿಡದ ಹುಡುಗಿಯೊಬ್ಬಳು ನೋಟ್‌ಬುಕ್ ತೆರೆಯದೆಯೇ ಹೇಳಿದಳು: “ಹತ್ತಕ್ಕೆ ನೂರಾ ನಲವತ್ತು, ಏಳಕ್ಕೆ ತೊಂಬತ್ತೆಂಟು, ಅರ್ಧಕ್ಕೆ ಏಳು. ಇನ್ನೂರಾ ನಲವತ್ತೈದು ಸಾರ್.” ಅದನ್ನೇ 17.5 × 14 ಎಂದು ಬೋರ್ಡಿನ ಮೇಲೆ ಬರೆದರೆ ಬಿಂದು ಎಲ್ಲಿಡಬೇಕೆಂದು ತಡವರಿಸುತ್ತಾಳೆ. ಅವಳು ಹೇಳಿದ ಮೂರೂ ಹೆಜ್ಜೆಗಳನ್ನು ಅವಳ ಕೈಯಲ್ಲೇ ಬೋರ್ಡಿನ ಮೇಲೆ ಬರೆಸಿದೆ. ಸಂಖ್ಯೆಯನ್ನು ಬಿಡಿಸಿ, ಗುಣಿಸಿ, ಕೂಡುವ ಆ ನಿಯಮ ಪುಸ್ತಕದಲ್ಲೂ ಇದೆ.

ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಐದು ಮಕ್ಕಳ ಬಗ್ಗೆ 1985ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇ. 98 ಸರಿ, ಅಂಥವೇ ಲೆಕ್ಕಗಳನ್ನು ಬರೀ ಅಂಕಿಗಳಲ್ಲಿ ಕೊಟ್ಟಾಗ ಶೇ. 37. ಓದಿದಾಗ ನನ್ನ ತರಗತಿಯೇ ಕಣ್ಣಿಗೆ ಕಟ್ಟಿತು.

ಮನೆಯ ಲೆಕ್ಕ ಸಾಕೆಂದು ಮಾತ್ರ ನಾನು ಹೇಳಲಾರೆ. ಕ್ವಿಂಟಲ್ ಹಸಿ ಅಡಿಕೆಗೆ ಸುಮಾರು 12 ಕೆಜಿ ಒಣ ಅಡಿಕೆ ಬರುತ್ತದೆ. 350 ಕೆಜಿ ಹಸಿ ಅಡಿಕೆಗೆ 42 ಎಂದು ಮಕ್ಕಳು ಬಾಯಲ್ಲೇ ಹೇಳಿಬಿಡುತ್ತಾರೆ. 35 ಕೆಜಿ ಒಣ ಅಡಿಕೆ ಬೇಕಾದರೆ ಹಸಿ ಎಷ್ಟು ಬೇಕು ಎಂದಾಗ ಎಲ್ಲರೂ ನಿಂತರು: 300ಕ್ಕಿಂತ ಸ್ವಲ್ಪ ಕಮ್ಮಿ, ಆದರೆ ಎಷ್ಟು ಕಮ್ಮಿ? ಸಮೀಕರಣ ಬರೆಯುವುದಕ್ಕೆ ಇದೇ ಸರಿಯಾದ ಜಾಗ. ಉತ್ತರ ಸುಮಾರು 291.7 ಕೆಜಿ.

ಪೋಷಕರ ಸಭೆಯಲ್ಲಿ ಆ ಹುಡುಗಿಯ ಅಮ್ಮ “ನಂಗೆ ಲೆಕ್ಕಪಕ್ಕ ಗೊತ್ತಾಗಲ್ಲ ಸಾರ್, ಅವಳೂ ನನ್ನ ಹಂಗೇ” ಎಂದರು. ಮುಂಗಡ ಕಳೆದು ವಾರದ ಬಟವಾಡೆಯನ್ನು ಪೈಸೆ ತಪ್ಪದೆ ಲೆಕ್ಕ ಹಾಕುವವರು ಅವರು. ತಮಗೆ ಗೊತ್ತಿರುವುದು ಗಣಿತವೇ ಅಲ್ಲ ಎಂದು ಅವರನ್ನು ನಂಬಿಸಿರುವುದು ನನಗೆ ತುಂಬ ನೋವು ಕೊಡುತ್ತದೆ. ಮಗಳು ಬೋರ್ಡಿನ ಮೇಲೆ ಬರೆದಿದ್ದನ್ನು ಅವರಿಗೆ ಓದಿ ಹೇಳಿದೆ.

ಮಲೆನಾಡಿನ ದೀವರ ಸಮುದಾಯದವರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಸಮ್ಮಿತಿಯ ಪಾಠಕ್ಕೆ ತರುವಾಗಲೂ ಅದು ಯಾರ ಮನೆಯದು ಎಂಬ ಎಚ್ಚರ ಬೇಕು. “ಇದು ನಿಮ್ಮವರದಲ್ವಾ, ನೀನೇ ಹೇಳು” ಎಂದು ಒಂದು ಮಗುವನ್ನು ಎಬ್ಬಿಸಿ ನಿಲ್ಲಿಸಿದರೆ ಜಾತಿಯನ್ನು ಎತ್ತಿ ತೋರಿಸಿದ ಹಾಗಾಗುತ್ತದೆ. ಭೂಮಿ ಹುಣ್ಣಿಮೆ ಹಬ್ಬಕ್ಕೆ ಚಿತ್ತಾರ ಬರೆದ ಬುಟ್ಟಿಯೊಂದನ್ನು ಮೇಜಿನ ಮೇಲಿಟ್ಟು, ಸ್ಕೇಲು ಕೊಟ್ಟು, ಎಲ್ಲರಿಂದಲೂ ಗೆರೆ ಎಳೆಸುತ್ತೇನೆ.