ಫೊರೆನ್ಸಿಕ್ ಸೈಕಾಲಜಿಗೆ ದಾರಿ: ನೋಂದಣಿ ಮೊದಲು, ಬೋರ್ಡು ಆಮೇಲೆ

ಪಿಯು ಫಲಿತಾಂಶ ಬಂದ ವಾರದಿಂದ ಫೋನ್ ಶುರುವಾಗುತ್ತದೆ. “ಮೇಡಂ, ಮಗಳು ಫೊರೆನ್ಸಿಕ್ ಸೈಕಾಲಜಿನೇ ಓದ್ತೀನಿ ಅಂತಿದ್ದಾಳೆ. ಯಾವ ಕಾಲೇಜಿಗೆ ಸೇರಿಸೋದು?” ಫೊರೆನ್ಸಿಕ್ ಸೈಕಾಲಜಿ ಅಂದರೆ ಮನೋವಿಜ್ಞಾನವನ್ನು ಅಪರಾಧ ತನಿಖೆಗೆ, ಕೋರ್ಟಿನ ಕೆಲಸಕ್ಕೆ ಬಳಸುವುದು. ಮಗಳು ಕೊಲೆ ತನಿಖೆಯ ಸರಣಿಗಳನ್ನು ನೋಡಿ ಮನಸ್ಸು ಮಾಡಿರುತ್ತಾಳೆ. ಅದು ತಪ್ಪಲ್ಲ, ಆಸಕ್ತಿ ಎಲ್ಲಿಂದ ಬಂದರೂ ಒಳ್ಳೆಯದೇ. ಆದರೆ ಅಷ್ಟರಲ್ಲಿ ಅಪ್ಪ ಯಾವುದೋ ‘ಕ್ರಿಮಿನಲ್ ಪ್ರೊಫೈಲಿಂಗ್’ (ಅಪರಾಧ ನಡೆದ ರೀತಿ ನೋಡಿ ಅಪರಾಧಿ ಎಂಥವನು ಎಂದು ಊಹಿಸುವುದು) ಡಿಪ್ಲೊಮಾಗೆ ಅಡ್ವಾನ್ಸ್ ಕಟ್ಟಿಬಿಟ್ಟಿರುತ್ತಾರೆ. ಈ ಲೇಖನ ಆ ಅಡ್ವಾನ್ಸ್ ಉಳಿಸುವುದಕ್ಕೆ.

ಮೊದಲೇ ಒಂದು ಮಾತು. ನಮ್ಮ ದೇಶದಲ್ಲಿ ‘ಫೊರೆನ್ಸಿಕ್ ಸೈಕಾಲಜಿಸ್ಟ್’ ಅಂತ ಪ್ರತ್ಯೇಕ ಲೈಸೆನ್ಸ್ ಇಲ್ಲ. ಬ್ರಿಟನ್‌ನಲ್ಲಿ ಈ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಎಚ್‌ಸಿಪಿಸಿ ಎಂಬ ಸಂಸ್ಥೆಯ ನೋಂದಣಿ ಪಟ್ಟಿಯಲ್ಲಿ ಇಲ್ಲದವರು ಅದನ್ನು ಹಾಕಿಕೊಳ್ಳುವಂತಿಲ್ಲ. ಇಲ್ಲಿ ಯಾರು ಬೇಕಾದರೂ ಬೋರ್ಡು ತೂಗುಹಾಕಬಹುದು. ಹಾಗಾಗಿಯೇ ಕೋರ್ಟಿನಲ್ಲಿ ಬೋರ್ಡಿಗೆ ಬೆಲೆ ಇಲ್ಲ. ನಿಮ್ಮ ಮೂಲ ವಿದ್ಯಾರ್ಹತೆ ಏನು, ನೋಂದಣಿ ಸಂಖ್ಯೆ ಎಷ್ಟು ಅಂತಲೇ ವಕೀಲರು ಕೇಳುತ್ತಾರೆ.

ಹೆಜ್ಜೆ 1: ಎಲ್ಲಿ ಕೂತು ಕೆಲಸ ಮಾಡಬೇಕು ಅಂತ ತೀರ್ಮಾನಿಸಿ

ಒಂದು, ಪ್ರಯೋಗಾಲಯ. ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ), ಹೈದರಾಬಾದ್, ಪುಣೆ, ಚಂಡೀಗಢದಲ್ಲಿರುವ ಕೇಂದ್ರ ಪ್ರಯೋಗಾಲಯಗಳು ಈ ಸಾಲಿಗೆ ಸೇರುತ್ತವೆ. ಲ್ಯಾಬಿನಲ್ಲಿ ಸೈಕಾಲಜಿ ಓದಿದವರ ಕೆಲಸ ಅಂದರೆ ಪಾಲಿಗ್ರಾಫ್ (ಸುಳ್ಳುಪತ್ತೆ ಪರೀಕ್ಷೆ), ಬ್ರೈನ್ ಮ್ಯಾಪಿಂಗ್ (ಮೆದುಳಿನ ವಿದ್ಯುತ್ ತರಂಗ ನೋಡುವ ಪರೀಕ್ಷೆ) ಥರದ್ದು. ಎರಡು, ಆಸ್ಪತ್ರೆ ಮತ್ತು ಕೋರ್ಟು: ಆರೋಪಿಯ ಮಾನಸಿಕ ಸ್ಥಿತಿಯ ಬಗ್ಗೆ ವರದಿ ಕೊಡುವುದು. ಮೂರು, ಮಕ್ಕಳು: ಅಪರಾಧದ ಆರೋಪ ಹೊತ್ತ ಮಕ್ಕಳ ಕೇಸು ನೋಡುವ ಬಾಲನ್ಯಾಯ ಮಂಡಳಿ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣಗಳು. ಇವುಗಳ ಜೊತೆಗೆ ಜೈಲು, ಕೌಟುಂಬಿಕ ನ್ಯಾಯಾಲಯ, ಪಾಠ ಹೇಳುವುದು ಇದ್ದೇ ಇದೆ.

ಲ್ಯಾಬ್ ಕಡೆ ಹೋಗುವವರು ಒಂದು ತೀರ್ಪನ್ನು ಬಾಯಿಪಾಠ ಮಾಡಿಕೊಳ್ಳಬೇಕು: ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ. ನಮ್ಮ ರಾಜ್ಯದಿಂದಲೇ ಹೋದ ಪ್ರಕರಣ. ನಾರ್ಕೊ (ಮಂಪರು ಇಂಜೆಕ್ಷನ್ ಕೊಟ್ಟು ಪ್ರಶ್ನೆ ಕೇಳುವುದು), ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ವ್ಯಕ್ತಿಯ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಮೇ 5ರಂದು ಹೇಳಿತು. ಆ ಒಪ್ಪಿಗೆ ಮ್ಯಾಜಿಸ್ಟ್ರೇಟ್ ಮುಂದೆ ದಾಖಲಾಗಬೇಕು, ವಕೀಲರ ನೆರವು ಸಿಗಬೇಕು. ಒಪ್ಪಿಕೊಂಡು ಪರೀಕ್ಷೆಗೆ ಕೂತರೂ ಅದರ ಫಲಿತಾಂಶವೇ ಸಾಕ್ಷ್ಯ ಆಗುವುದಿಲ್ಲ. ಅದರ ಜಾಡು ಹಿಡಿದು ಹೋದಾಗ ಸಿಕ್ಕ ವಸ್ತುವನ್ನೋ ಮಾಹಿತಿಯನ್ನೋ ಮಾತ್ರ ಕೋರ್ಟು ನೋಡಬಹುದು. ‘ನಾರ್ಕೊ ಎಕ್ಸ್‌ಪರ್ಟ್ ಆಗಿ’ ಅಂತ ಜಾಹೀರಾತು ಕೊಡುವವರು ಇದನ್ನು ಹೇಳುವುದಿಲ್ಲ. ಆ ಇಂಜೆಕ್ಷನ್ ಕೊಡುವವರು ಅರಿವಳಿಕೆ ವೈದ್ಯರು, ಸೈಕಾಲಜಿಯವರಲ್ಲ ಅನ್ನುವುದನ್ನೂ ಹೇಳುವುದಿಲ್ಲ.

ಹೆಜ್ಜೆ 2: ಪದವಿ

ಪಿಯುನಲ್ಲಿ ಯಾವ ವಿಭಾಗವಾದರೂ ಸರಿ, ಪದವಿಯಲ್ಲಿ ಸೈಕಾಲಜಿ ಮುಖ್ಯ ವಿಷಯವಾಗಿರಲಿ, ದಿನಾ ಕಾಲೇಜಿಗೆ ಹೋಗಿ ಓದಿ. ಅಂಚೆ ತೆರಪಿನ ಆಸೆ ಬಿಡಿ: ಸೈಕಾಲಜಿಯನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸಬಾರದು ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2025ರ ಜುಲೈ–ಆಗಸ್ಟ್ ಪ್ರವೇಶದಿಂದಲೇ ತಡೆ ಹಾಕಿದೆ.

ಹೆಜ್ಜೆ 3: ಸ್ನಾತಕೋತ್ತರ ಪದವಿ ಮತ್ತು ನೋಂದಣಿ

ಜಾಸ್ತಿ ಜನ ಎಡವುವುದು ಇಲ್ಲೇ. ಎರಡು ದಾರಿಗಳಿವೆ, ಎರಡೂ ಒಂದೇ ಊರಿಗೆ ಹೋಗುವುದಿಲ್ಲ.

ಮೊದಲ ದಾರಿ, ಫೊರೆನ್ಸಿಕ್ ಸೈಕಾಲಜಿಯಲ್ಲೇ ಎಂ.ಎಸ್ಸಿ. ಇದಕ್ಕೆ ಹೆಸರಾದದ್ದು ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ. ಮೊದಲು ಗುಜರಾತ್ ರಾಜ್ಯದ್ದಾಗಿತ್ತು, 2020ರಲ್ಲಿ ರಾಷ್ಟ್ರೀಯ ಸಂಸ್ಥೆಯಾಯಿತು. ಧಾರವಾಡಕ್ಕೂ ಇದರ ಕ್ಯಾಂಪಸ್ ಬಂದಿದೆ. ಯಾವ ಕ್ಯಾಂಪಸ್‌ನಲ್ಲಿ ಯಾವ ಕೋರ್ಸ್ ಅನ್ನುವುದನ್ನು ಆ ವರ್ಷದ ಪ್ರಾಸ್ಪೆಕ್ಟಸ್‌ನಲ್ಲೇ ನೋಡಿ, ಪರಿಚಯದವರ ಮಾತು ಕೇಳಿಕೊಂಡು ಬ್ಯಾಗ್ ಕಟ್ಟಬೇಡಿ. ಲ್ಯಾಬ್ ಕೆಲಸಕ್ಕೆ ಈ ದಾರಿ ಚೆನ್ನಾಗಿದೆ.

ಎರಡನೆಯದು, ಸೈಕಾಲಜಿಯಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮಾಡಿ, ಆಮೇಲೆ ಕ್ಲಿನಿಕಲ್ ಸೈಕಾಲಜಿ (ಮಾನಸಿಕ ಕಾಯಿಲೆಗಳನ್ನು ಪರೀಕ್ಷಿಸುವ, ಔಷಧಿ ಇಲ್ಲದೆ ಚಿಕಿತ್ಸೆ ಕೊಡುವ ಶಾಖೆ) ತರಬೇತಿ ಮುಗಿಸಿ, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಮಾಡಿಸಿಕೊಳ್ಳುವುದು. ನನ್ನನ್ನು ಕೇಳಿದರೆ, ಕೋರ್ಟಿನಲ್ಲಿ ನಿಂತು ಅಭಿಪ್ರಾಯ ಹೇಳುವ ಆಸೆ ಇರುವವರಿಗೆ ಇದೊಂದೇ ದಾರಿ. ಯಾಕೆ ಅಂದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಯಾರು ಅನ್ನುವುದನ್ನು ಆರ್‌ಸಿಐ ಮಾನ್ಯತೆಗೇ ಕಟ್ಟಿಹಾಕಿದೆ. ಆರೋಪಿಯ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಕಂಡಾಗ ಅವರನ್ನು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಬಳಿಗೋ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿಗೋ ಕಳಿಸಬೇಕು ಎಂದು ಹೊಸ ದಂಡ ಪ್ರಕ್ರಿಯೆಯ, ಅಂದರೆ ಬಿಎನ್‌ಎಸ್‌ಎಸ್‌ನ, 367ನೇ ಕಲಂ ಹೇಳುತ್ತದೆ. ‘ಫೊರೆನ್ಸಿಕ್’ ಅನ್ನುವ ಪದವೇ ಅಲ್ಲಿ ಇಲ್ಲ.

ಈ ತರಬೇತಿ ಇಷ್ಟು ದಿನ ಎರಡು ವರ್ಷದ ಎಂ.ಫಿಲ್. ಆಗಿತ್ತು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಹೀಗೆ ಆಸ್ಪತ್ರೆಗಳಲ್ಲೇ ನಡೆಯುತ್ತಿತ್ತು. ಸಾಮಾನ್ಯ ವರ್ಗದವರಿಗೆ ಸ್ನಾತಕೋತ್ತರದಲ್ಲಿ ಶೇ 55 ಅಂಕ ಬೇಕಿತ್ತು, ಪ್ರವೇಶ ಪರೀಕ್ಷೆ, ಸಂದರ್ಶನ ಎರಡೂ ಇರುತ್ತಿದ್ದವು, ಸೀಟು ಕೈಬೆರಳೆಣಿಕೆ. ಈಗ ಒಂದು ತಿರುವಿದೆ. 2020ರ ಶಿಕ್ಷಣ ನೀತಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ಗೆ ಮಾತ್ರ ಯುಜಿಸಿ 2025–26ರ ತನಕ ಅವಕಾಶ ಕೊಟ್ಟಿತು. ಅದರ ಜಾಗಕ್ಕೆ ಆರ್‌ಸಿಐ ಹೊಸ ಕೋರ್ಸ್‌ಗಳನ್ನು ತರುತ್ತಿದೆ. ಹಾಗಾಗಿ ಫೀಸು ಕಟ್ಟುವ ಮೊದಲು ಮೂರು ಕೆಲಸ ಮಾಡಿ. ಆರ್‌ಸಿಐ ಜಾಲತಾಣದ ಪಟ್ಟಿಯಲ್ಲಿ ಕಾಲೇಜಿನ ಹೆಸರು ಇದೆಯಾ ನೋಡಿ. ಹೆಸರಿದ್ದರೆ ಸಾಲದು, ನೀವು ಸೇರುವ ಕೋರ್ಸಿನ ಮುಂದೆಯೇ ಮಾನ್ಯತೆ ಇದೆಯಾ ನೋಡಿ. ಆ ಮಾನ್ಯತೆ ಯಾವ ವರ್ಷದ ತನಕ ಅಂತ ನೋಡಿ. “ಅಪ್ಲೈ ಮಾಡಿದ್ದೀವಿ, ಬಂದೇ ಬರುತ್ತೆ” ಅಂತ ಕೌಂಟರಿನಲ್ಲಿ ಹೇಳಿದರೆ ಎದ್ದು ಬನ್ನಿ. ಹಾಗೆ ನಂಬಿ ಎರಡು ವರ್ಷ ಓದಿ, ನೋಂದಣಿ ಸಿಗದೆ ಕೂತವರನ್ನು ನೋಡಿದ್ದೇನೆ.

ನೋಂದಣಿ ಇಲ್ಲದೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಪ್ರಾಕ್ಟೀಸ್ ಮಾಡಿದರೆ 1992ರ ಆರ್‌ಸಿಐ ಕಾಯ್ದೆಯಲ್ಲಿ ಒಂದು ವರ್ಷದ ತನಕ ಜೈಲು, ಸಾವಿರ ರೂಪಾಯಿ ತನಕ ದಂಡ, ಅಥವಾ ಎರಡೂ. ದಂಡದ ಮೊತ್ತ ನೋಡಿ ನಗಬೇಡಿ. ಸಾಕ್ಷಿಕಟ್ಟೆಯಲ್ಲಿ ಈ ಪ್ರಶ್ನೆ ಬಂದರೆ ನಿಮ್ಮ ವರದಿಯ ಕಥೆ ಅಲ್ಲಿಗೇ ಮುಗಿಯಿತು.

ಇನ್ನು ಅಡ್ಡದಾರಿಗಳು. ಅಕ್ಷರ ನೋಡಿ ಸ್ವಭಾವ ಹೇಳುವ ಗ್ರಾಫಾಲಜಿ, ಕಣ್ಣು ಯಾವ ಕಡೆ ಹೊರಳಿತು ಅಂತ ನೋಡಿ ಸುಳ್ಳು ಹಿಡಿಯುವುದು, ವಾರಾಂತ್ಯದ ಪ್ರೊಫೈಲಿಂಗ್ ಕಾರ್ಯಾಗಾರ: ಇವುಗಳಿಗೆ ಸುಮ್ನೆ ದುಡ್ಡು ಹಾಕಬೇಡಿ. ಬಯೋಡೇಟಾದಲ್ಲಿ ಇವು ಇದ್ದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಟೆಸ್ಟ್ ಪುಸ್ತಕಗಳೂ ಅಷ್ಟೇ. ಮಸಿಕಲೆ ಪರೀಕ್ಷೆಯ ಕಾರ್ಡುಗಳನ್ನು ಮೊಬೈಲ್ ಪರದೆಯಲ್ಲಿ ತೋರಿಸಿ ‘ರೋರ್ಶಾಕ್ ಮಾಡಿದೆ’ ಎಂದು ಬರೆಯುವವರೂ ಇದ್ದಾರೆ!

ಹೆಜ್ಜೆ 4: ಕಾನೂನು ಓದಿ

ಗೈಡ್ ಬೇಡ, ಮೂಲ ಕಾಯ್ದೆಯ ತೆಳು ಪುಸ್ತಕವೇ ಸಾಕು. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ (ಬುದ್ಧಿ ಸ್ಥಿಮಿತವಿಲ್ಲದವರು ಮಾಡಿದ ಕೃತ್ಯಕ್ಕೆ ವಿನಾಯಿತಿ), ಸಾಕ್ಷ್ಯ ಅಧಿನಿಯಮದ 39 (ತಜ್ಞರ ಅಭಿಪ್ರಾಯ), ಬಾಲನ್ಯಾಯ ಕಾಯ್ದೆಯ 15 (ಘೋರ ಅಪರಾಧದ ಆರೋಪ ಹೊತ್ತ ಮಕ್ಕಳ ಪ್ರಾಥಮಿಕ ಮೌಲ್ಯಮಾಪನ). ಹಳೆಯ ನೋಟ್ಸ್‌ನಲ್ಲಿ ಐಪಿಸಿ 84, ಸಾಕ್ಷ್ಯ ಕಾಯ್ದೆ 45 ಎಂದಿರುತ್ತದೆ. 2024ರ ಜುಲೈ 1ರಿಂದ ಹೊಸ ಸಂಖ್ಯೆಗಳು. ಆದರೆ ಅದಕ್ಕೂ ಮೊದಲು ನಡೆದ ಅಪರಾಧದ ಕೇಸಿನಲ್ಲಿ ಹಳೆಯ ಐಪಿಸಿ ಕಲಮುಗಳೇ ಕಾಣುತ್ತವೆ, ಎರಡೂ ಗೊತ್ತಿರಲಿ.

ಹೆಜ್ಜೆ 5: ಮೊದಲ ಕೋರ್ಟ್ ಪ್ರಕರಣ

ತರಬೇತಿಯಲ್ಲಿ ಹಿರಿಯರ ಪಕ್ಕ ಕೂತು ಇದನ್ನು ಕಲಿಯದಿದ್ದರೆ ಆಮೇಲೆ ಯಾರೂ ಕಲಿಸುವುದಿಲ್ಲ.

ಮೊದಲು ಕೋರ್ಟಿನ ಪತ್ರ ಓದಿ. ಕೇಳಿರುವುದು ಏನು? ಘಟನೆ ನಡೆದ ಗಳಿಗೆಯಲ್ಲಿ ಆರೋಪಿಗೆ ತಾನು ಮಾಡುತ್ತಿರುವುದು ಏನು, ಅದು ತಪ್ಪು ಅನ್ನುವ ಅರಿವು ಇತ್ತೇ ಎಂಬುದು ಒಂದು ಪ್ರಶ್ನೆ. ಈಗ ಈ ವ್ಯಕ್ತಿ ವಿಚಾರಣೆ ಎದುರಿಸಲು ಶಕ್ತನೇ ಎಂಬುದು ಇನ್ನೊಂದು. ಹೊಸಬರು ಇವೆರಡನ್ನೂ ಕಲಸಿಬಿಡುತ್ತಾರೆ. ಕೊಲೆ ನಡೆದ ರಾತ್ರಿ ಪೂರ್ತಿ ಎಚ್ಚರದಲ್ಲಿದ್ದವನು ಆರು ತಿಂಗಳ ನಂತರ ಜೈಲಿನಲ್ಲಿ ವಿಚಾರಣೆಗೆ ಶಕ್ತನಲ್ಲದ ಸ್ಥಿತಿಗೆ ಹೋಗಿರಬಹುದು, ಅದರ ಉಲ್ಟಾನೂ ಆಗಬಹುದು. ಸ್ಕಿಜೊಫ್ರೇನಿಯಾದಂಥ ತೀವ್ರ ಮನೋರೋಗ ಇದೆ ಎಂದ ಮಾತ್ರಕ್ಕೆ 22ನೇ ಕಲಮಿನ ವಿನಾಯಿತಿ ಸಿಗುವುದಿಲ್ಲ. ಆ ಗಳಿಗೆಯ ಸ್ಥಿತಿಯೇ ಮುಖ್ಯ ಎಂದು ಸುಪ್ರೀಂ ಕೋರ್ಟ್ 1964ರ ದಹ್ಯಾಭಾಯಿ ಪ್ರಕರಣದಲ್ಲೇ ಹೇಳಿದೆ.

ಶಕ್ತತೆ ನೋಡಲು ದೊಡ್ಡ ಪರೀಕ್ಷೆಯಿಂದ ಶುರು ಮಾಡಬೇಡಿ, ಮಾತಾಡಿಸಿ. “ನಿಮ್ಮ ಮೇಲೆ ಏನು ಕೇಸ್ ಹಾಕಿದ್ದಾರೆ? ಕೋರ್ಟಲ್ಲಿ ಮೇಲೆ ಕೂತಿರೋರು ಯಾರು? ಕರಿಕೋಟು ಹಾಕ್ಕೊಂಡು ನಿಮ್ಮ ಪರ ಮಾತಾಡೋರು ಯಾರು, ಅವರಿಗೆ ನೀವೇನು ಹೇಳಬೇಕು? ಒಪ್ಪಿಕೊಂಡ್ರೆ ಏನಾಗುತ್ತೆ?” ಇಷ್ಟಕ್ಕೆ ಬರುವ ಉತ್ತರಗಳನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ತಿದ್ದಬೇಡಿ, ಗ್ರಾಂಥಿಕ ಮಾಡಬೇಡಿ.

ಇದಕ್ಕೂ ಮೊದಲು ಒಪ್ಪಿಗೆ. ಫಾರಂ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಒಪ್ಪಿಗೆ ಆಗಲಿಲ್ಲ. ಎದುರು ಕೂತವರು ನಿಮ್ಮನ್ನು ಡಾಕ್ಟರ್ ಅಂದುಕೊಂಡಿರುತ್ತಾರೆ, ಸಹಾಯಕ್ಕೆ ಬಂದಿದ್ದಾರೆ ಅಂದುಕೊಂಡಿರುತ್ತಾರೆ. “ನಾನು ನಿಮಗೆ ಔಷಧಿ ಕೊಡೋಕೆ ಬಂದಿಲ್ಲ. ಕೋರ್ಟ್ ಕಳಿಸಿದೆ. ನೀವು ಹೇಳಿದ್ದು ನನ್ನ ವರದಿಯಲ್ಲಿ ಬರುತ್ತೆ, ಜಡ್ಜ್ ಓದ್ತಾರೆ. ಬೇಡ ಅನಿಸಿದ ಪ್ರಶ್ನೆಗೆ ಉತ್ತರ ಕೊಡದೇ ಇರಬಹುದು.” ಹೇಳಿ ಮುಗಿಸಿದ ಮೇಲೆ “ನಾನು ಏನು ಹೇಳಿದೆ, ಒಮ್ಮೆ ಹೇಳಿ ನೋಡೋಣ” ಎಂದು ಕೇಳಿ. ವಾಪಸ್ ಹೇಳಲು ಆಗಲಿಲ್ಲವೆಂದರೆ ಮತ್ತೆ ವಿವರಿಸಿ. ಆಗಲೂ ಆಗಲಿಲ್ಲವೆಂದರೆ ಅದನ್ನೇ ದಾಖಲಿಸಿ.

“ಮೈಮೇಲೆ ಅಮ್ಮ ಬರ್ತಾಳೆ” ಅಂದರೆ ತಕ್ಷಣ ಮನೋರೋಗ ಎಂದು ಬರೆಯಬೇಡಿ. ಮನೆಯವರನ್ನು, ಊರವರನ್ನು ಕೇಳಿ. ಜಾತ್ರೆಯಲ್ಲಿ, ಮಂಗಳವಾರ, ಶುಕ್ರವಾರ ಮಾತ್ರ ಬರುತ್ತದಾ? ಊರು ಅದನ್ನು ಒಪ್ಪಿಕೊಂಡಿದೆಯಾ? ಇಲ್ಲ, ಯಾರಿಗೂ ಗೊತ್ತಿಲ್ಲದ ದನಿಯೊಂದು ಇವರೊಬ್ಬರಿಗೇ ರಾತ್ರಿಯೆಲ್ಲ ಬೈಯುತ್ತಿದೆಯಾ, ಊಟ ನಿದ್ದೆ ಬಿಡಿಸಿದೆಯಾ? ಈ ಫರಕು ತಿಳಿಯಬೇಕಾದರೆ ಹಳ್ಳಿ ಕಡೆಯ ಓಪಿಡಿಯಲ್ಲಿ ಕೂತಿರಬೇಕು, ನೋಟ್ಸ್‌ನಲ್ಲಿ ಸಿಗುವುದಿಲ್ಲ.

ಪರೀಕ್ಷೆಗಳ ವಿಷಯದಲ್ಲಿ ನಾನು ಜಿಪುಣಿ. ನಾಲ್ಕನೇ ಕ್ಲಾಸು ಓದಿದ ವಿಚಾರಣಾಧೀನ ಕೈದಿಯ ಮುಂದೆ ವ್ಯಕ್ತಿತ್ವ ಅಳೆಯುವ ಎಂಎಂಪಿಐ–2 ಪರೀಕ್ಷೆಯ 567 ವಾಕ್ಯಗಳನ್ನು ಓದುತ್ತಾ ಹೋದರೆ ನೂರು ದಾಟುವ ಮೊದಲೇ ಎಲ್ಲಕ್ಕೂ “ಹೂಂ” ಬರತೊಡಗುತ್ತದೆ. ಮಕ್ಕಳ ಬುದ್ಧಿಮಟ್ಟಕ್ಕೆ ಬಳಸುವ ಬಿನೆ–ಕಾಮತ್ ಪರೀಕ್ಷೆ ನಮ್ಮದೇ ನೆಲದ್ದು, ವಿ. ವಿ. ಕಾಮತ್ ಅದನ್ನು 1930ರ ದಶಕದಲ್ಲಿ ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. ಹೆಮ್ಮೆ ಸರಿ, ಆದರೆ ಅಂದಿನ ಮಕ್ಕಳ ಅಳತೆಗೋಲಿನಲ್ಲಿ ಇಂದಿನ ಮಗುವನ್ನು ಅಳೆದಿದ್ದೀರಿ ಅನ್ನುವುದನ್ನು ವರದಿಯಲ್ಲೇ ಬರೆಯಿರಿ. ನೀವು ಬರೆಯದಿದ್ದರೆ ಎದುರು ವಕೀಲರು ಹೇಳುತ್ತಾರೆ.

ವರದಿ ಚಿಕ್ಕದಿರಲಿ. ಯಾವ ದಿನ, ಎಷ್ಟು ಹೊತ್ತು, ಯಾವ ಭಾಷೆಯಲ್ಲಿ ಮಾತಾಡಿಸಿದಿರಿ, ಪಕ್ಕದಲ್ಲಿ ಪೊಲೀಸರು ಇದ್ದರೇ, ಯಾವ ಕಾಗದ ನೋಡಿದಿರಿ, ಯಾವುದು ಕೇಳಿಯೂ ಸಿಗಲಿಲ್ಲ. ಆಮೇಲೆ ನೀವು ಕಂಡದ್ದು. ಕೊನೆಯಲ್ಲಿ ಕೋರ್ಟು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ. ‘ಆರೋಪಿ ಸುಳ್ಳು ಹೇಳುತ್ತಿದ್ದಾನೆ’, ‘ಕೊಲೆ ಮಾಡುವ ಸ್ವಭಾವದವನು’ ಎಂದೆಲ್ಲ ಬರೆಯುವ ಹಕ್ಕು ನಿಮಗಿಲ್ಲ, ಅದನ್ನು ತೀರ್ಮಾನಿಸುವವರು ನ್ಯಾಯಾಧೀಶರು. ಪಾಟಿ ಸವಾಲಿನಲ್ಲಿ ಗೊತ್ತಿಲ್ಲದ್ದಕ್ಕೆ “ಗೊತ್ತಿಲ್ಲ ಸ್ವಾಮಿ” ಅಂದರೆ ಮರ್ಯಾದೆ ಹೋಗುವುದಿಲ್ಲ.

ಹೆಜ್ಜೆ 6: ಕೆಲಸ

ಲ್ಯಾಬ್ ಹುದ್ದೆಗಳಿಗೆ ನೇಮಕಾತಿ ಅಧಿಸೂಚನೆಯೇ ಗತಿ, ಸೈಕಾಲಜಿ ವಿಭಾಗದಲ್ಲಿ ಹುದ್ದೆಗಳು ಕಡಿಮೆ. ಕಾಯುವ ತಾಳ್ಮೆ ಇಲ್ಲದವರು ಅದೊಂದನ್ನೇ ನೆಚ್ಚಬೇಡಿ. ಆಸ್ಪತ್ರೆ, ಮೆಡಿಕಲ್ ಕಾಲೇಜಿನ ಮನೋವೈದ್ಯ ವಿಭಾಗದಲ್ಲಿ ಸೇರಿಕೊಂಡರೆ ಕೋರ್ಟಿನ ಪ್ರಕರಣಗಳು ತಾವಾಗಿಯೇ ಬರುತ್ತವೆ.

ಈಗ ನಿಜವಾಗಿ ಕೆಲಸ ತೆರೆದುಕೊಂಡಿರುವುದು ಮಕ್ಕಳ ಕಡೆ. 16ರಿಂದ 18 ವರ್ಷದೊಳಗಿನವರ ಮೇಲೆ ಘೋರ ಅಪರಾಧದ ಆರೋಪ ಬಂದಾಗ ಅವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಬೇಕೇ ಎಂದು ತಿಳಿಯಲು ಬಾಲನ್ಯಾಯ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡಬೇಕು. ಮಂಡಳಿಯಲ್ಲಿ ಮಕ್ಕಳ ಮನೋವಿಜ್ಞಾನ ಅಥವಾ ಮನೋವೈದ್ಯಕೀಯ ಓದಿದವರು ಇಲ್ಲದಿದ್ದರೆ ಅನುಭವಿ ಸೈಕಾಲಜಿಸ್ಟ್ ಅಥವಾ ಸೈಕೊ ಸೋಷಿಯಲ್ ವರ್ಕರ್ ನೆರವು ಪಡೆಯಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಹೇಳಿದೆ. ಇದಕ್ಕೆ ಬೇಕಾದ ತರಬೇತಿಯನ್ನು ನಿಮ್ಹಾನ್ಸ್‌ನ ಮಕ್ಕಳ ಮಾನಸಿಕ ಆರೋಗ್ಯ ಕಾರ್ಯಕ್ರಮ ‘ಸಂವಾದ್’ ಕೊಡುತ್ತದೆ, ಸೇರಿಕೊಳ್ಳಿ.

ನೋಂದಣಿ ಕೈಗೆ ಬಂದ ವಾರವೇ ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. 2020ರ ಪೋಕ್ಸೊ ನಿಯಮಗಳ ಪ್ರಕಾರ ತಜ್ಞರು, ದುಭಾಷಿಗಳು, ವಿಶೇಷ ಶಿಕ್ಷಕರ ಹೆಸರಿನ ರಿಜಿಸ್ಟರ್ ಇಡಬೇಕಾದ್ದು ಅದೇ ಕಚೇರಿ. ಅರ್ಜಿಯ ಜೊತೆ ಆರ್‌ಸಿಐ ಸರ್ಟಿಫಿಕೇಟಿನ ಪ್ರತಿ ಇಡಿ. ಐದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು, ಅವಧಿ ಮುಗಿದ ಪ್ರತಿ ಕೊಡಬೇಡಿ. ನಿಮಗೆ ಬರುವ ಭಾಷೆಗಳನ್ನು ದೊಡ್ಡದಾಗಿ ಬರೆಯಿರಿ: ತುಳು, ದಖ್ಖನಿ, ಲಂಬಾಣಿ, ಕೊಡವ ಯಾವುದಾದರೂ ಸರಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.