ಬ್ಲೂಸ್ ಸೋಲೊಗೆ ಐದು ಸ್ವರ ಸಾಕು, ಅವಸರ ಬೇಡ

ಗಿಟಾರ್‌ನಲ್ಲಿ ಬ್ಲೂಸ್ ಸೋಲೊ, ಅಂದರೆ ಒಬ್ಬರೇ ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಸುವ ಭಾಗ, ಕಲಿಯುವವರು ಹೆಚ್ಚಾಗಿ ಎಡವುವುದು ಬೆರಳಿನಲ್ಲಲ್ಲ, ಉಸಿರು ಬಿಡದೆ ನುಡಿಸುವುದರಲ್ಲಿ. ನಾನೂ ತಿಂಗಳುಗಟ್ಟಲೆ ಹಾಗೇ ಮಾಡಿದೆ. ಕೈ ಚೆನ್ನಾಗಿ ಓಡುತ್ತಿತ್ತು, ಕೇಳಿದವರಿಗೆ ಮಾತ್ರ ಸುಮ್ನೆ ಸ್ಕೇಲ್ ಅಭ್ಯಾಸದ ಹಾಗಿತ್ತು.

ಮೊದಲು ಸುತ್ತು ಕಿವಿಗೆ ಹತ್ತಲಿ. ಬ್ಲೂಸ್‌ನಲ್ಲಿ ಹೆಚ್ಚು ಕೇಳಿಬರುವುದು 12 ಬಾರ್‌ಗಳ ಸುತ್ತು; ಒಂದು ಬಾರ್ ಅಂದರೆ ನಾಲ್ಕು ಎಣಿಕೆ. ಎ ಶ್ರುತಿಯಲ್ಲಾದರೆ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹೀಗೆ: ನಾಲ್ಕು ಬಾರ್ ಎ7, ಎರಡು ಡಿ7, ಎರಡು ಎ7, ಆಮೇಲೆ ಒಂದೊಂದು ಬಾರ್ ಇ7, ಡಿ7, ಎ7, ಇ7. ಇದನ್ನು ನಿಧಾನವಾಗಿ ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅದರ ಮೇಲೆ ಸೋಲೊ ನುಡಿಸಬಹುದು.

ಸ್ವರಗಳು ಐದೇ: ಎ, ಸಿ, ಡಿ, ಇ, ಜಿ. ಇದು ಎ ಮೈನರ್ ಪೆಂಟಾಟೋನಿಕ್. ತೋರುಬೆರಳು 5ನೇ ಫ್ರೆಟ್‌ನಲ್ಲಿರಲಿ (ಗಿಟಾರ್ ಕತ್ತಿನ ಮೇಲಿನ ಲೋಹದ ಪಟ್ಟಿಗಳೇ ಫ್ರೆಟ್). ಅತಿ ದಪ್ಪ ತಂತಿಯಲ್ಲಿ 5 ಮತ್ತು 8, ನಡುವಿನ ಮೂರರಲ್ಲಿ 5 ಮತ್ತು 7, ತೆಳುವಾದ ಎರಡರಲ್ಲಿ ಮತ್ತೆ 5 ಮತ್ತು 8. ಶುರುವಿಗೆ ತೆಳುವಾದ ಮೂರು ತಂತಿ ಧಾರಾಳ.

ನಿಜವಾದ ಕೆಲಸ ಇರುವುದು ಬೆಂಡ್‌ನಲ್ಲಿ, ಅಂದರೆ ಒತ್ತಿದ ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರ ಏರಿಸುವುದರಲ್ಲಿ. ತೆಳುವಾದ ತಂತಿಯಿಂದ ಎಣಿಸಿದರೆ ಮೂರನೇ ತಂತಿಯ 7ನೇ ಫ್ರೆಟ್‌ನಲ್ಲಿ ಡಿ ಇದೆ. ಉಂಗುರ ಬೆರಳಿನಿಂದ ಒತ್ತಿ, ಅದರ ಹಿಂದೆ ಇನ್ನೆರಡು ಬೆರಳುಗಳನ್ನೂ ಆಸರೆಗೆ ಇಟ್ಟು, ಇ ಬರುವ ತನಕ ತಂತಿಯನ್ನು ಮೇಲಕ್ಕೆ ತಳ್ಳಿ. ಬೆರಳಷ್ಟೇ ಅಲ್ಲ, ಬೀಗ ತೆಗೆಯುವಾಗಿನಂತೆ ಮಣಿಕಟ್ಟೂ ತಿರುಗಬೇಕು. ಇ ಸರಿಯಾಗಿ ಬಂತಾ? ಎರಡನೇ ತಂತಿಯ 5ನೇ ಫ್ರೆಟ್ ನುಡಿಸಿ ಹೋಲಿಸಿ, ಅಲ್ಲಿರುವುದೂ ಅದೇ ಸ್ವರ. ಅರ್ಧಕ್ಕೇ ನಿಂತ ಬೆಂಡ್ ಕೇಳುವುದು ಕಷ್ಟ.

ಒಂದು ಕಡೆ ಮಾತ್ರ ಅರ್ಧಕ್ಕೆ ನಿಲ್ಲಿಸುವುದೇ ಚೆಂದ. ಮೂರನೇ ತಂತಿಯ 5ನೇ ಫ್ರೆಟ್‌ನಲ್ಲಿ ಸಿ ನುಡಿಸಿ, ತಂತಿಯನ್ನು ಕೂದಲೆಳೆಯಷ್ಟು ನೆಲದ ಕಡೆಗೆ ಎಳೆಯಿರಿ, ಸ್ವರ ತುಸು ಏರುತ್ತದೆ. ಎ7 ಕಾರ್ಡ್‌ನಲ್ಲಿರುವುದು ಸಿ ಶಾರ್ಪ್, ಸಿ ಗಿಂತ ಒಂದು ಫ್ರೆಟ್ ಮೇಲಿನ ಸ್ವರ. ಸಿ ಮತ್ತು ಸಿ ಶಾರ್ಪ್ ನಡುವೆ, ಎರಡನ್ನೂ ಮುಟ್ಟದೆ ತೂಗಾಡುವ ಆ ಸ್ವರದಲ್ಲೇ ಬ್ಲೂಸ್‌ನ ಅಳು ಇದೆ, ಕೇಳಿ ನೋಡಿ.

ವೈಬ್ರಾಟೊ, ಅಂದರೆ ಹಿಡಿದ ಸ್ವರವನ್ನು ನಡುಗಿಸುವುದು, ಅದರ ಬಗ್ಗೆ ಓದುವುದಕ್ಕಿಂತ ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ನುಡಿಸಿದ್ದನ್ನು ಹತ್ತು ನಿಮಿಷ ಕೇಳುವುದು ವಾಸಿ.

ಈಗ ಮಾತಿಗೆ ಬರೋಣ. ಹೌದು, ಸೋಲೊ ಅಂದರೆ ಮಾತೇ. ಬ್ಲೂಸ್ ಹಾಡುಗಳಲ್ಲಿ ಸಾಮಾನ್ಯವಾಗಿ ಒಂದು ಸಾಲು, ಅದೇ ಸಾಲು ಮತ್ತೊಮ್ಮೆ, ಮೂರನೆಯದರಲ್ಲಿ ಉತ್ತರ. ಒಂದೊಂದಕ್ಕೂ ನಾಲ್ಕು ಬಾರ್. ಹಾಡುವವರು ಹೆಚ್ಚುಕಡಿಮೆ ಎರಡು ಬಾರ್‌ನಲ್ಲಿ ಸಾಲು ಮುಗಿಸುತ್ತಾರೆ, ಉಳಿದ ಜಾಗದಲ್ಲಿ ಗಿಟಾರ್ ಓಗೊಡುತ್ತದೆ. ನೀವೂ ಹಾಗೇ ಮಾಡಿ. ಮೂರು ನಾಲ್ಕು ಸ್ವರದ ಒಂದು ತುಣುಕನ್ನು ಮೊದಲು ಬಾಯಲ್ಲಿ ಗುನುಗಿ, ಆಮೇಲೆ ತಂತಿಯಲ್ಲಿ ಹುಡುಕಿ. ಎರಡು ಬಾರ್ ನುಡಿಸಿ, ಎರಡು ಬಾರ್ ಬಿಡಿ. ಡಿ7 ಬಂದಾಗ ತುಣುಕು ಡಿ ಮೇಲೆ ನಿಲ್ಲಲಿ, ಇ7 ಬಂದಾಗ ಇ ಮೇಲೆ. ಇಷ್ಟಕ್ಕೇ ಸೋಲೊ ಕಾರ್ಡ್ ಜೊತೆ ಹೆಜ್ಜೆ ಹಾಕುತ್ತದೆ.

ಖಾಲಿ ಬಿಡುವ ಆ ಎರಡು ಬಾರ್‌ಗಳೇ ಜಾಸ್ತಿ ಕಷ್ಟ. ಕೈ ಸುಮ್ಮನಿರಲು ಒಪ್ಪದಿದ್ದರೆ, ಅಷ್ಟು ಹೊತ್ತು ಕೈಯನ್ನು ತಂತಿಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಳ್ಳಿ.