ನಮ್ಮ ಬೆಟ್ಟಾ ಮೀನಿನ ಬಾಲ ಯಾಕೆ ಹರಿಯುತ್ತಿತ್ತು?

ಒಂದು ಬೆಳಿಗ್ಗೆ ನಮ್ಮ ನೀಲಿ ಬೆಟ್ಟಾದ ಬಾಲ ಹರಿದಿತ್ತು. ಹಿಂದಿನ ರಾತ್ರಿ ಚೆನ್ನಾಗಿಯೇ ಇತ್ತು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಯಲ್ಲಿ ಕೇಳಿದೆ. ಬಾಲ ಕೊಳೆಯುವ ರೋಗ ಅಂತ ಔಷಧ ಕೊಟ್ಟರು. ಮೂರು ದಿನ ಹಾಕಿದರೂ ಬಾಲ ಹರಿಯುತ್ತಲೇ ಇತ್ತು. ನೋಡಿದಾಗಲೆಲ್ಲ ಸಂಕಟವಾಗುತ್ತಿತ್ತು.

"ಸುಮ್ನೆ ಔಷಧ ಸುರೀಬ್ಯಾಡ, ಮೊದಲು ಸರಿಯಾಗಿ ನೋಡು" ಅಂದಳು ಅವ್ವ. ಟಾರ್ಚ್ ಹಿಡಿದು ನೋಡಿದೆ. ಕೊಳೆತ ಬಾಲ ಅಂಚಿನಿಂದ ನಿಧಾನವಾಗಿ ಸವೆಯುತ್ತದೆ, ಅಂಚು ಕಪ್ಪಾಗಿಯೋ ಕೆಂಪಾಗಿಯೋ ಕಾಣುತ್ತದೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ಯಾರೋ ಕಚ್ಚಿ ತೆಗೆದ ಹಾಗೆ ಅರ್ಧಚಂದ್ರದ ತುಂಡು ಹೋಗಿತ್ತು.

ಪ್ಲಾಸ್ಟಿಕ್ ಗಿಡದ ಮೇಲೆ ಅನುಮಾನ ಬಂತು. ಹಳೆ ನೈಲಾನ್ ದುಪಟ್ಟಾ ಅದರ ಮೇಲೆ ಎಳೆದೆ, ಸಿಕ್ಕಿಕೊಂಡಿತು. ಗಿಡ ತೆಗೆದೆ. ಎರಡೇ ದಿನಕ್ಕೆ ಮತ್ತೊಂದು ತುಂಡು ಮಾಯ!

ಆ ರಾತ್ರಿ ಹಾಲ್‌ನ ದೀಪ ಆರಿಸಿ ಕಾದು ಕೂತೆ. ಟ್ಯಾಂಕಿನ ಲೈಟ್ ಮಾತ್ರ ಉರಿಯುತ್ತಿತ್ತು. ಹೊರಗೆ ಕತ್ತಲು, ಒಳಗೆ ಬೆಳಕು, ಗಾಜು ಕನ್ನಡಿಯಾಗಿತ್ತು. ಮೀನು ಗಾಜಿನಲ್ಲಿ ಕಂಡ ತನ್ನ ಬಿಂಬವನ್ನೇ ಬೇರೆ ಮೀನು ಅಂದುಕೊಂಡು ಕಾದಾಡಿ, ಗರ್ರನೆ ತಿರುಗಿ ತನ್ನ ಬಾಲವನ್ನೇ ಕಚ್ಚಿತು.

ಈಗ ಹಾಲ್‌ನ ದೀಪ ಆರಿಸುವ ಮುಂಚೆಯೇ ಟ್ಯಾಂಕಿನ ಲೈಟ್ ಆರಿಸುತ್ತೇನೆ. ಅಡಗಿಕೊಳ್ಳಲು ನಿಜವಾದ ಗಿಡ ಇಟ್ಟಿದ್ದೇನೆ. ಔಷಧ ನಿಲ್ಲಿಸಿದೆ. ಗಾಯ ಸೋಂಕಾಗದಂತೆ ಟ್ಯಾಂಕಿನ ನೀರನ್ನು ಸ್ವಲ್ಪ ಸ್ವಲ್ಪವೇ ತೆಗೆದು, ಕ್ಲೋರಿನ್ ತೆಗೆದ ಹೊಸ ನೀರು ಹಾಕಿದೆ. ನಮ್ಮ ಬಿಸಿಲಿಗೆ ನೀರು 28 ಡಿಗ್ರಿ ದಾಟದಂತೆ ನೋಡಿಕೊಳ್ಳುವುದೇ ಜಾಸ್ತಿ ಕಷ್ಟದ ಕೆಲಸ. ಮೂರು ವಾರವಾಯಿತು, ಬಾಲದ ಅಂಚಿನಲ್ಲಿ ಗಾಜಿನಂಥ ತೆಳು ಪೊರೆ ಚಿಗುರುತ್ತಿದೆ.